ಎರಡು ಸುತ್ತಿಗೆಗಳು: ವಿಡಿಯೊದಿಂದ ಸ್ಥಿರಚಿತ್ರ ತೆಗೆಯುವ ಬಗ್ಗೆ ಒಂದು ಅಭ್ಯಾಸ ಪಾಠದ ಅನುಭವ

ಪೀಠಿಕೆ

ಅಭ್ಯಾಸ ಬೋಧನೆಗೆ ಹೊರಡುವ ನಮ್ಮಲ್ಲಿ ಹೆಚ್ಚಿನವರು ಈಗ ಚಾರ್ಟ್ ಬರೆಯುವುದಕ್ಕಿಂತ ಕಂಪ್ಯೂಟರಿನಿಂದ ಚಿತ್ರ ತೆಗೆದು ಮುದ್ರಿಸುವುದೇ ಹೆಚ್ಚು. ಒಂದು ವಿಡಿಯೊ ನೋಡುತ್ತೇವೆ, ಬೇಕಾದ ಜಾಗದಲ್ಲಿ ನಿಲ್ಲಿಸುತ್ತೇವೆ, ಪ್ರಿಂಟ್ ಸ್ಕ್ರೀನ್ ಕೀಲಿ ಒತ್ತಿ ವರ್ಡ್ ಕಡತಕ್ಕೆ ಅಂಟಿಸುತ್ತೇವೆ, ಜೆರಾಕ್ಸ್ ಅಂಗಡಿಗೆ ಕೊಡುತ್ತೇವೆ. ಪಾಠ ಯೋಜನೆಯಲ್ಲಿ 'ಬೋಧನೋಪಕರಣಗಳು' ಎಂಬ ಅಂಕಣದಲ್ಲಿ 'ಚಿತ್ರಗಳು' ಎಂದು ಬರೆದರೆ ಆ ಕೆಲಸ ಮುಗಿಯಿತು. ನಾನೂ ಹಾಗೆಯೇ ಮಾಡಿದೆ. ಆ ಚಿತ್ರದಿಂದಾಗಿ ಒಬ್ಬ ವಿದ್ಯಾರ್ಥಿನಿಯ ಸರಿಯಾದ ಉತ್ತರಕ್ಕೆ ಕೆಂಪು ಶಾಯಿಯಲ್ಲಿ ತಪ್ಪು ಗುರುತು ಹಾಕಿದೆ. ಅದು ಹೇಗಾಯಿತು, ಅದನ್ನು ಸರಿಪಡಿಸಲು ಹೊರಟಾಗ ವಿಡಿಯೊದಿಂದ ಒಳ್ಳೆಯ ಸ್ಥಿರಚಿತ್ರ ತೆಗೆಯುವ ಬಗ್ಗೆ ಏನೇನು ತಿಳಿಯಿತು ಎಂಬುದನ್ನು ಇಲ್ಲಿ ಬರೆದಿದ್ದೇನೆ. ವಿಜ್ಞಾನ ವಿಧಾನದವರಿಗೆ ಮಾತ್ರವಲ್ಲ, ಸಮಾಜ ವಿಜ್ಞಾನ ಮತ್ತು ಭಾಷಾ ವಿಧಾನದ ಗೆಳೆಯರಿಗೂ ಇದು ಉಪಯೋಗಕ್ಕೆ ಬರಬಹುದು.

ಪಾಠದ ಹಿನ್ನೆಲೆ

ತರಗತಿ ಒಂಬತ್ತು, ಘಟಕ ಗುರುತ್ವಾಕರ್ಷಣೆ, ಉಪಘಟಕ ಮುಕ್ತ ಪತನ. ಭಾರವಾದ ವಸ್ತು ಬೇಗ ಬೀಳುತ್ತದೆ ಎಂಬ ನಂಬಿಕೆ ಮಕ್ಕಳಲ್ಲಿ ಗಟ್ಟಿಯಾಗಿರುತ್ತದೆ. ಕಲ್ಲು ಮತ್ತು ಕಾಗದ ಬೀಳಿಸಿ ತೋರಿಸಿದರೆ ಆ ನಂಬಿಕೆ ಇನ್ನಷ್ಟು ಗಟ್ಟಿಯಾಗುತ್ತದೆ. ಆದ್ದರಿಂದ ಗಾಳಿಯೇ ಇಲ್ಲದ ಜಾಗದ ಉದಾಹರಣೆ ಬೇಕಿತ್ತು.

1971ರ ಆಗಸ್ಟ್ 2ರಂದು ಅಪೊಲೊ 15ರ ನಾಯಕ ಡೇವಿಡ್ ಸ್ಕಾಟ್ ಚಂದ್ರನ ಮೇಲೆ ನಿಂತು ಬಲಗೈಯಿಂದ ಒಂದು ಸುತ್ತಿಗೆಯನ್ನೂ ಎಡಗೈಯಿಂದ ಒಂದು ಗಿಡುಗದ ಗರಿಯನ್ನೂ ಒಟ್ಟಿಗೆ ಬಿಟ್ಟರು. ಅವರ ಚಂದ್ರನೌಕೆಯ ಹೆಸರು 'ಫಾಲ್ಕನ್', ಅಂದರೆ ಗಿಡುಗ. ಹಾಗಾಗಿ ಗಿಡುಗದ ಗರಿ. ಸುತ್ತಿಗೆಯ ರಾಶಿ 1.32 ಕಿ.ಗ್ರಾಂ, ಗರಿಯದು 0.03 ಕಿ.ಗ್ರಾಂ. ಬಿಟ್ಟ ಎತ್ತರ ಸುಮಾರು 1.6 ಮೀಟರ್. ಎರಡೂ ಒಟ್ಟಿಗೆ ನೆಲ ಮುಟ್ಟಿದವು. ಈ ದೃಶ್ಯ ದೂರದರ್ಶನ ಕ್ಯಾಮೆರಾದಲ್ಲಿ ದಾಖಲಾಗಿದೆ, ನೋಡಲು ಒಂದು ನಿಮಿಷವೂ ಬೇಡ.

ವಿಡಿಯೊ ತೋರಿಸಿ ಬಿಟ್ಟುಬಿಟ್ಟರೆ ಮಕ್ಕಳು ನೋಡುತ್ತಾರೆ, ಅಷ್ಟೆ. ಅವರೇ ಅಳೆಯಬೇಕು ಎಂಬುದು ನನ್ನ ಆಸೆ. 'ಪರಿಶೋಧಿಸುವುದು' ಹಂತಕ್ಕೆ ನಾಲ್ಕು ಸ್ಥಿರಚಿತ್ರಗಳನ್ನು ಒಂದೇ ಹಾಳೆಯಲ್ಲಿ ಮುದ್ರಿಸಿ, ಪ್ರತಿ ಚಿತ್ರದಲ್ಲೂ ಸುತ್ತಿಗೆ ನೆಲದಿಂದ ಎಷ್ಟು ಮಿ.ಮೀ. ಮೇಲಿದೆ ಎಂದು ಸ್ಕೇಲಿನಿಂದ ಅಳೆದು ಬರೆಯುವ ಚಟುವಟಿಕೆ ಇಟ್ಟುಕೊಂಡೆ. ತರಗತಿಯಲ್ಲಿ ಮೂವತ್ತಾರು ಮಕ್ಕಳು, ಆರು ಗುಂಪು.

ಮೊದಲ ಪಾಠದಲ್ಲಿ ನಡೆದದ್ದು

ಹಾಳೆ ಕೈಗೆ ಕೊಟ್ಟ ಕೂಡಲೇ ತೊಂದರೆ ಶುರುವಾಯಿತು. ಚಿತ್ರ ಮಸುಕಾಗಿತ್ತು. ಸುತ್ತಿಗೆ ಯಾವುದು, ಗಗನಯಾತ್ರಿಯ ಉಡುಪಿನ ಮಡಿಕೆ ಯಾವುದು ಎಂದು ಎರಡು ಗುಂಪುಗಳಿಗೆ ತಿಳಿಯಲಿಲ್ಲ. ಒಂದು ಚಿತ್ರಕ್ಕೂ ಇನ್ನೊಂದಕ್ಕೂ ನಡುವೆ ಎಷ್ಟು ಸಮಯ ಎಂದು ಒಬ್ಬ ಹುಡುಗ ಕೇಳಿದ. ನನಗೇ ಗೊತ್ತಿರಲಿಲ್ಲ, ವಿಡಿಯೊ ಓಡುತ್ತಿದ್ದಾಗ ಕೈಗೆ ಸಿಕ್ಕಂತೆ ನಿಲ್ಲಿಸಿ ತೆಗೆದ ಚಿತ್ರಗಳವು. "ಸಮಾನ ಅಂತರ ಅಂತ ಇಟ್ಕೊಳ್ಳಿ" ಎಂದೆ. ಅವು ಸಮಾನ ಅಂತರದಲ್ಲಿ ಇರಲಿಲ್ಲ.

ಎರಡನೇ ಸಾಲಿನ ಒಬ್ಬ ಹುಡುಗಿ ಕೈ ಎತ್ತಿ, "ಮಿಸ್, ಕೊನೇ ಚಿತ್ರದಲ್ಲಿ ಎರಡು ಸುತ್ತಿಗೆ ಇದೆ. ಯಾವುದನ್ನ ಅಳೀಬೇಕು?" ಎಂದಳು. ತರಗತಿ ನಕ್ಕಿತು. ನಾನು ಹಾಳೆಯತ್ತ ಕಣ್ಣು ಹಾಯಿಸಿ, "ಒಂದೇ ಇರೋದು, ಸರಿಯಾಗಿ ನೋಡು" ಎಂದು ಮುಂದಿನ ಗುಂಪಿಗೆ ಹೋದೆ. ಸಮಯ ಓಡುತ್ತಿತ್ತು, ಹಿಂದಿನ ಬೆಂಚಿನಲ್ಲಿ ವೀಕ್ಷಕರು ಕುಳಿತಿದ್ದರು. ಸಂಜೆ ಪುಸ್ತಕ ತಿದ್ದುವಾಗ ಅವಳ ಬರಹ ಸಿಕ್ಕಿತು: "ಸುತ್ತಿಗೆಯ ತಲೆ ಎರಡು ಕಡೆ ಕಾಣುತ್ತದೆ. ಎರಡರ ನಡುವೆ 1 ಮಿ.ಮೀ. ಅಂತರವಿದೆ." ಅದನ್ನು ಹೊಡೆದು ಹಾಕಿ ಪಕ್ಕದಲ್ಲಿ 'ಗಮನವಿಟ್ಟು ನೋಡು' ಎಂದು ಬರೆದೆ.

ಮಾರ್ಗದರ್ಶಕ ಶಿಕ್ಷಕರು ಮರುದಿನ ಆ ಪುಸ್ತಕ ತಿರುವಿ ಹಾಕಿ ಕೇಳಿದ್ದು ಒಂದೇ ಮಾತು: "ಏನಮ್ಮಾ, ಆ ಚಿತ್ರನ ನೀವು ಒಂದ್ಸಲ ಗಮನ ಇಟ್ಟು ನೋಡಿದ್ರಾ?"

ನೋಡಿರಲಿಲ್ಲ. ಆ ರಾತ್ರಿ ಲ್ಯಾಪ್‌ಟಾಪಿನಲ್ಲಿ ಚಿತ್ರವನ್ನು ದೊಡ್ಡದು ಮಾಡಿ ನೋಡಿದಾಗ ಸುತ್ತಿಗೆಯ ಅಂಚು ಬಾಚಣಿಗೆಯ ಹಲ್ಲಿನಂತೆ ಒಂದು ಗೆರೆ ಒಳಗೆ, ಒಂದು ಗೆರೆ ಹೊರಗೆ ಇತ್ತು. ತಲೆಯ ಕೆಳ ಅಂಚು ಎರಡು ಬೇರೆ ಎತ್ತರಗಳಲ್ಲಿ ಕಾಣುತ್ತಿತ್ತು. ಅವಳು ಕಂಡದ್ದನ್ನೇ ಬರೆದಿದ್ದಳು, ಅಳೆದೂ ಇದ್ದಳು.

ತಪ್ಪು ಎಲ್ಲೆಲ್ಲಿ ಸೇರಿಕೊಳ್ಳುತ್ತದೆ

ನಂತರದ ಒಂದು ವಾರ ಇದೇ ಕೆಲಸ. ಸ್ಥಿರಚಿತ್ರ ಕೆಡುವುದಕ್ಕೆ ಕಾರಣಗಳು ಮೂರು ಕಡೆ ಇರುತ್ತವೆ ಎಂದು ಗೊತ್ತಾಯಿತು: ಕ್ಯಾಮೆರಾದಲ್ಲಿ, ಫೈಲಿನಲ್ಲಿ, ನಮ್ಮ ಕೈಯಲ್ಲಿ. ಮೊದಲನೆಯದನ್ನು ಸರಿಪಡಿಸಲು ಆಗುವುದಿಲ್ಲ. ಎರಡನೆಯದನ್ನು ಸ್ವಲ್ಪ ಮಟ್ಟಿಗೆ ಸರಿಪಡಿಸಬಹುದು. ಮೂರನೆಯದನ್ನು ಪೂರ್ತಿಯಾಗಿ ತಪ್ಪಿಸಬಹುದು.

ಕ್ಯಾಮೆರಾದ ಮಿತಿ. ಸಿನಿಮಾ ಸೆಕೆಂಡಿಗೆ 24 ಚಿತ್ರಗಳಲ್ಲಿ ಓಡುತ್ತದೆ. ಸಾಮಾನ್ಯ ರೂಢಿಯಂತೆ ಪ್ರತಿ ಚಿತ್ರಕ್ಕೂ ಬೆಳಕು ಬೀಳುವ ಅವಧಿ ಸುಮಾರು 1/48 ಸೆಕೆಂಡ್. ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಬೀಳುತ್ತಿರುವ ಚೆಂಡು ಅಷ್ಟು ಹೊತ್ತಿನಲ್ಲಿ 10 ಸೆಂ.ಮೀ.ಗಿಂತ ಹೆಚ್ಚು ಚಲಿಸಿರುತ್ತದೆ. ಚಿತ್ರದಲ್ಲಿ ಅದು ಉದ್ದನೆಯ ಕಲೆಯಂತೆ ಬೀಳುವುದು ಅದಕ್ಕೇ. ಓಡುವಾಗ ಕಣ್ಣಿಗೆ ಚೆಂದ ಕಾಣುವ ದೃಶ್ಯ ನಿಲ್ಲಿಸಿದಾಗ ಮಸುಕಾಗಿ ಕಾಣುವುದಕ್ಕೆ ಇದು ಮುಖ್ಯ ಕಾರಣ. ವ್ಯಕ್ತಿಯೂ ಕ್ಯಾಮೆರಾವೂ ಕ್ಷಣಕಾಲ ನಿಂತ ಜಾಗವನ್ನು ಹುಡುಕಿ ತೆಗೆಯುವುದೊಂದೇ ಇದಕ್ಕೆ ಉಪಾಯ.

ಫೈಲಿನ ಮಿತಿ. ಇದರಲ್ಲಿ ಎರಡು ವಿಷಯಗಳಿವೆ. ಮೊದಲನೆಯದು ಇಂಟರ್‌ಲೇಸ್. ಹಳೆಯ ದೂರದರ್ಶನ ಪದ್ಧತಿಯಲ್ಲಿ ಒಂದು ಚಿತ್ರವನ್ನು ಒಂದೇ ಸಲ ತೋರಿಸುತ್ತಿರಲಿಲ್ಲ. ಮೊದಲು ಬೆಸ ಗೆರೆಗಳು, ಆಮೇಲೆ ಸಮ ಗೆರೆಗಳು, ಹೀಗೆ ಎರಡು ಕಂತು. ಅಮೆರಿಕದ ಪದ್ಧತಿಯಲ್ಲಿ ಸೆಕೆಂಡಿಗೆ ಸುಮಾರು 60 ಕಂತುಗಳು, ಅಂದರೆ ಸುಮಾರು 30 ಪೂರ್ಣ ಚಿತ್ರಗಳು. ನಮ್ಮ ದೇಶದ ದೂರದರ್ಶನ ಅನುಸರಿಸಿದ ಪದ್ಧತಿಯಲ್ಲಿ 50 ಕಂತು, 25 ಚಿತ್ರ. ಎರಡು ಕಂತುಗಳು ಬೇರೆ ಬೇರೆ ಕ್ಷಣದವು. ನಿಂತಿರುವ ವಸ್ತುವಾದರೆ ವ್ಯತ್ಯಾಸ ಕಾಣುವುದಿಲ್ಲ. ಚಲಿಸುವ ವಸ್ತುವಾದರೆ ಒಂದೇ ಸ್ಥಿರಚಿತ್ರದಲ್ಲಿ ಎರಡು ಕ್ಷಣಗಳು ಹೆಣೆದುಕೊಂಡಿರುತ್ತವೆ. ನನ್ನ ವಿದ್ಯಾರ್ಥಿನಿ ಕಂಡ ಎರಡು ಸುತ್ತಿಗೆಗಳು ಇವೇ.

ಎರಡನೆಯದು ಸಂಕುಚನ. ಫೈಲು ಚಿಕ್ಕದಾಗಲು ವಿಡಿಯೊದ ಪ್ರತಿ ಚಿತ್ರವನ್ನೂ ಪೂರ್ತಿಯಾಗಿ ಉಳಿಸುವುದಿಲ್ಲ. ಆಗೊಂದು ಈಗೊಂದು ಚಿತ್ರವನ್ನು ಪೂರ್ಣವಾಗಿ ಉಳಿಸಿ, ನಡುವಿನವುಗಳಲ್ಲಿ ಬದಲಾದದ್ದನ್ನು ಮಾತ್ರ ಬರೆಯುತ್ತಾರೆ. ದೃಶ್ಯದಲ್ಲಿ ಚಲನೆ ಹೆಚ್ಚಾಗಿ ಫೈಲು ಚಿಕ್ಕದಾದರೆ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ. ಮೊಬೈಲ್ ಗುಂಪುಗಳಲ್ಲಿ ಕೈಯಿಂದ ಕೈಗೆ ಬಂದ ವಿಡಿಯೊ ಹೀಗೆ ಹಲವು ಸಲ ಸಂಕುಚಿತವಾಗಿರುತ್ತದೆ. ನಾನು ಮೊದಲ ಪಾಠಕ್ಕೆ ಬಳಸಿದ್ದು ಅಂಥದ್ದೇ ಪ್ರತಿ.

ನಮ್ಮ ಕೈಯ ತಪ್ಪು. ಪ್ರಿಂಟ್ ಸ್ಕ್ರೀನ್ ವಿಡಿಯೊವನ್ನು ನಕಲಿಸುವುದಿಲ್ಲ, ಪರದೆಯನ್ನು ನಕಲಿಸುತ್ತದೆ. 1920×1080 ಪಿಕ್ಸೆಲ್‌ಗಳ ವಿಡಿಯೊದಲ್ಲಿ ಸುಮಾರು 20.7 ಲಕ್ಷ ಚುಕ್ಕೆಗಳಿವೆ. ಅದನ್ನು 1366×768ರ ಲ್ಯಾಪ್‌ಟಾಪ್ ಪರದೆಯಲ್ಲಿ ಪೂರ್ತಿ ಹರಡಿ ನಕಲಿಸಿದರೂ ಸಿಗುವುದು ಸುಮಾರು 10.5 ಲಕ್ಷ. ಅರ್ಧದಷ್ಟು ವಿವರ ಅಲ್ಲೇ ಹೋಯಿತು. ಸಣ್ಣ ಕಿಟಕಿಯಲ್ಲಿ ಓಡಿಸಿ ನಕಲಿಸಿದರೆ ಇನ್ನೂ ಕಡಿಮೆ. ನಾನು ಮಾಡಿದ್ದು ಇದನ್ನೇ. ಕೆಲವು ಹಳೆಯ ಕಂಪ್ಯೂಟರ್‌ಗಳಲ್ಲಿ ಪ್ರಿಂಟ್ ಸ್ಕ್ರೀನ್ ಒತ್ತಿದರೆ ವಿಡಿಯೊ ಇರುವ ಜಾಗದಲ್ಲಿ ಬರೀ ಕಪ್ಪು ಚೌಕ ಬರುವುದೂ ಉಂಟು. ಅಲ್ಲಿ ವಿಡಿಯೊವನ್ನು ಪರದೆಯ ಉಳಿದ ಭಾಗದಿಂದ ಪ್ರತ್ಯೇಕವಾಗಿ ಮೇಲೆ ಕೂರಿಸಿರುತ್ತಾರೆ.

ಇಷ್ಟು ಸಾಲದೆಂಬಂತೆ ಆ ಚಿತ್ರವನ್ನು ಜೆಪೆಗ್ ಆಗಿ ಉಳಿಸಿ ಇನ್ನೊಮ್ಮೆ ಸಂಕುಚಿಸಿದ್ದೆ. ವರ್ಡ್ ಕೂಡ ಕಡತ ಉಳಿಸುವಾಗ ತಾನಾಗಿಯೇ ಚಿತ್ರಗಳನ್ನು ಕುಗ್ಗಿಸುತ್ತದೆ. ಆಯ್ಕೆಗಳಲ್ಲಿ 'ಚಿತ್ರಗಳನ್ನು ಸಂಕುಚಿಸಬೇಡ' ಎಂಬುದಕ್ಕೆ ಗುರುತು ಹಾಕಬೇಕು ಎಂದು ಆಮೇಲೆ ತಿಳಿಯಿತು.

ನಾನು ಅನುಸರಿಸಿದ ಕ್ರಮ

ಶಾಲೆಯ ಕಂಪ್ಯೂಟರಿನಲ್ಲೂ ನನ್ನ ಲ್ಯಾಪ್‌ಟಾಪಿನಲ್ಲೂ ಇದ್ದದ್ದು ವಿಎಲ್‌ಸಿ ಪ್ಲೇಯರ್. ಉಚಿತವಾಗಿ ಸಿಗುತ್ತದೆ. ಎಲ್ಲ ಕೆಲಸವನ್ನೂ ಅದರಲ್ಲೇ ಮಾಡಿದೆ.

1. ಮೂಲಕ್ಕೆ ಹತ್ತಿರದ ಪ್ರತಿ ಹುಡುಕುವುದು. ಹಲವು ಪ್ರತಿಗಳು ಸಿಕ್ಕಾಗ ಫೈಲಿನ ಗಾತ್ರವನ್ನೂ ಪಿಕ್ಸೆಲ್ ಅಳತೆಯನ್ನೂ ಹೋಲಿಸಿ ದೊಡ್ಡದನ್ನು ಇಳಿಸಿಕೊಂಡೆ. ಆದರೆ ದೊಡ್ಡ ಅಳತೆ ಎಂದ ಮಾತ್ರಕ್ಕೆ ಒಳ್ಳೆಯದಲ್ಲ. 480 ಗೆರೆಗಳ ಹಳೆಯ ದೃಶ್ಯವನ್ನು 1080ಕ್ಕೆ ಹಿಗ್ಗಿಸಿ ಹಾಕಿರುವ ಪ್ರತಿಗಳೂ ಇವೆ. ಹಿಗ್ಗಿಸಿದರೆ ಚುಕ್ಕೆ ಹೆಚ್ಚುತ್ತದೆ, ವಿವರ ಹೆಚ್ಚುವುದಿಲ್ಲ.

2. ಫೈಲಿನ ಜಾತಕ ನೋಡುವುದು. ವಿಎಲ್‌ಸಿಯ ಟೂಲ್ಸ್ ಪಟ್ಟಿಯಲ್ಲಿ ಕೋಡೆಕ್ ಮಾಹಿತಿ ಎಂಬ ಕಿಟಕಿ ಇದೆ. ಅದರಲ್ಲಿ ಚಿತ್ರದ ಅಳತೆ ಮತ್ತು ಸೆಕೆಂಡಿಗೆ ಎಷ್ಟು ಫ್ರೇಮ್ ಎಂಬುದು ಸಿಗುತ್ತದೆ. ನನ್ನ ಫೈಲು 720×480, ಸೆಕೆಂಡಿಗೆ 29.97 ಫ್ರೇಮ್. ಮೊದಲ ಪಾಠದಲ್ಲಿ ಆ ಹುಡುಗ ಕೇಳಿದ 'ಎಷ್ಟು ಸಮಯ' ಎಂಬ ಪ್ರಶ್ನೆಗೆ ಉತ್ತರ ಇಲ್ಲೇ ಇತ್ತು.

3. ಇಂಟರ್‌ಲೇಸ್ ಬಿಡಿಸುವುದು. ವಿಡಿಯೊ ಪಟ್ಟಿಯಲ್ಲಿ ಡಿಇಂಟರ್‌ಲೇಸ್ ಎಂಬುದನ್ನು ಆನ್ ಮಾಡಿ, ವಿಧಾನಗಳಲ್ಲಿ 'ಯಾಡಿಫ್' ಆರಿಸಿದೆ. ಇದು ಒಂದು ಕಂತಿನ ಗೆರೆಗಳನ್ನು ಉಳಿಸಿಕೊಂಡು ಉಳಿದ ಗೆರೆಗಳನ್ನು ಅಕ್ಕಪಕ್ಕದಿಂದ ಊಹಿಸಿ ತುಂಬುತ್ತದೆ. 'ಬ್ಲೆಂಡ್' ವಿಧಾನ ಎರಡೂ ಕಂತುಗಳನ್ನು ಬೆರೆಸುತ್ತದೆ. ನೋಡಲು ನಯವಾದರೂ ಅಳತೆಗೆ ಅದು ಬೇಡ, ಏಕೆಂದರೆ ಎರಡು ಕ್ಷಣಗಳು ಅಲ್ಲಿ ಕಲಸಿಹೋಗುತ್ತವೆ. 'ಯಾಡಿಫ್ 2ಎಕ್ಸ್' ಆರಿಸಿದರೆ ಪ್ರತಿ ಕಂತಿಗೂ ಒಂದು ಚಿತ್ರ ಬರುವುದರಿಂದ ಚಿತ್ರಗಳ ಸಂಖ್ಯೆ ಎರಡು ಪಟ್ಟಾಗುತ್ತದೆ, ಸಮಯದ ಲೆಕ್ಕ ಬದಲಾಗುತ್ತದೆ. ಉಳಿಸಿದ ಮೊದಲ ಚಿತ್ರವನ್ನು ಹಿಗ್ಗಿಸಿ, ಬಾಚಣಿಗೆ ಹಲ್ಲು ಹೋಗಿದೆಯೇ ಎಂದು ನೋಡಿಯೇ ಮುಂದುವರಿಯಬೇಕು.

4. ಒಂದೊಂದೇ ಫ್ರೇಮ್ ಮುಂದೆ ಹೋಗುವುದು. ಸ್ಕಾಟ್ ಕೈ ಬಿಡುವ ಸ್ವಲ್ಪ ಮೊದಲು ವಿಡಿಯೊ ನಿಲ್ಲಿಸಿ, ಕೀಲಿಮಣೆಯ 'ಇ' ಕೀಲಿ ಒತ್ತುತ್ತಾ ಹೋದರೆ ಪ್ರತಿ ಸಲಕ್ಕೂ ಒಂದು ಫ್ರೇಮ್ ಮುಂದೆ ಸರಿಯುತ್ತದೆ. ಇದರಲ್ಲಿ ಹಿಂದಕ್ಕೆ ಬರಲಾಗುವುದಿಲ್ಲ. ದಾಟಿಹೋದರೆ ಮತ್ತೆ ಮೊದಲಿನಿಂದ ಬರಬೇಕು. ಸುತ್ತಿಗೆ ಕೈಯಿಂದ ಬೇರೆಯಾದ ಫ್ರೇಮನ್ನು ಸೊನ್ನೆ ಎಂದುಕೊಂಡು, ಪ್ರತಿ ಆರು ಒತ್ತಿಗೆ ಒಂದು ಚಿತ್ರ ತೆಗೆದೆ. ಆರು ಫ್ರೇಮ್ ಎಂದರೆ 0.2 ಸೆಕೆಂಡ್.

5. ಸ್ನ್ಯಾಪ್‌ಶಾಟ್ ತೆಗೆಯುವುದು. ಶಿಫ್ಟ್ ಮತ್ತು 'ಎಸ್' ಒಟ್ಟಿಗೆ ಒತ್ತಿದರೆ ವಿಎಲ್‌ಸಿ ತಾನೇ ಚಿತ್ರವನ್ನು ಉಳಿಸುತ್ತದೆ. ಕಿಟಕಿ ಎಷ್ಟೇ ಚಿಕ್ಕದಿರಲಿ, ಚಿತ್ರ ಫೈಲಿನ ಅಳತೆಯಲ್ಲೇ ಬರುತ್ತದೆ. ಎಲ್ಲಿ ಉಳಿಯಬೇಕು, ಯಾವ ರೂಪದಲ್ಲಿ ಉಳಿಯಬೇಕು ಎಂಬುದನ್ನು ಆದ್ಯತೆಗಳ ವಿಡಿಯೊ ಪುಟದಲ್ಲಿ ಬದಲಿಸಬಹುದು. ಪಿಎನ್‌ಜಿ ಆರಿಸಬೇಕು, ಅದು ಚಿತ್ರವನ್ನು ಕೆಡಿಸದೆ ಉಳಿಸುತ್ತದೆ. 'ಅನುಕ್ರಮ ಸಂಖ್ಯೆ' ಎಂಬುದಕ್ಕೆ ಗುರುತು ಹಾಕಿದರೆ ಚಿತ್ರಗಳು ಕಲಸಿಹೋಗುವುದಿಲ್ಲ.

6. ಆಕಾರ ಪರೀಕ್ಷಿಸುವುದು. 720×480ರ ಹಳೆಯ ವಿಡಿಯೊದಲ್ಲಿ ಪಿಕ್ಸೆಲ್ ಚೌಕವಾಗಿರುವುದಿಲ್ಲ. 4:3 ಪರದೆಗೆ ಸರಿಹೊಂದಲು ಅದು 640×480 ಆಗಬೇಕು. ಇಲ್ಲದಿದ್ದರೆ ವೃತ್ತ ಮೊಟ್ಟೆಯಾಗುತ್ತದೆ, ಮನುಷ್ಯ ದಪ್ಪಗಾಗುತ್ತಾನೆ. ನನ್ನ ಚಟುವಟಿಕೆಯಲ್ಲಿ ಎತ್ತರವನ್ನು ಮಾತ್ರ ಅಳೆಯುತ್ತಿದ್ದುದರಿಂದ ಲೆಕ್ಕಕ್ಕೆ ತೊಂದರೆ ಇರಲಿಲ್ಲ. ಆದರೆ ಓರೆಯಾಗಿ ಎಸೆದ ಚೆಂಡಿನ ಪಥವನ್ನು ಅಳೆಯುವವರು ಇದನ್ನು ಮರೆಯುವಂತಿಲ್ಲ.

7. ಮುದ್ರಿಸುವುದು. ಒಂದು ಹಾಳೆಗೆ ಒಂದೇ ಚಿತ್ರ. ಕಪ್ಪು-ಬಿಳುಪು ಜೆರಾಕ್ಸ್‌ನಲ್ಲಿ ನಡುವಿನ ಬೂದು ಬಣ್ಣಗಳು ಹೋಗಿ ಎಲ್ಲವೂ ಕಪ್ಪಾಗುತ್ತವೆ. ಅದಕ್ಕೆ ಮೊದಲೇ ಹೊಳಪನ್ನು ಸ್ವಲ್ಪ ಏರಿಸಿ ಒಂದು ಪ್ರತಿ ತೆಗೆಸಿ ನೋಡಿ, ಆಮೇಲೆ ಉಳಿದದ್ದನ್ನು ತೆಗೆಸಿದೆ. ಎಂಟು ಚಿತ್ರ, ಆರು ಗುಂಪು, ಒಟ್ಟು 48 ಹಾಳೆ.

ಚಿತ್ರವನ್ನು 'ಚುರುಕು' ಮಾಡಿಕೊಡುವ, ಮಸುಕಾದ ಮುಖವನ್ನು ಸ್ಪಷ್ಟಗೊಳಿಸುವ ಹೊಸ ತಂತ್ರಾಂಶಗಳನ್ನು ನಾನು ಬಳಸಲಿಲ್ಲ. ಅವು ಇಲ್ಲದ ವಿವರವನ್ನು ಊಹಿಸಿ ಬರೆಯುತ್ತವೆ. ಗೋಡೆಗೆ ಹಾಕುವ ಚಿತ್ರಕ್ಕೆ ಅದು ನಡೆದೀತು. ಮಕ್ಕಳು ಸ್ಕೇಲ್ ಇಟ್ಟು ಅಳೆಯುವ ಚಿತ್ರಕ್ಕೆ ನಡೆಯದು.

ಎರಡನೇ ಪಾಠ

ಅದೇ ತರಗತಿಗೆ ಇನ್ನೊಂದು ಅವಧಿ ಕೇಳಿ ಪಡೆದೆ. ಪಾಠವನ್ನು ಪುಸ್ತಕ ಹಿಂತಿರುಗಿಸುವುದರಿಂದ ಶುರುಮಾಡಿದೆ. ಆ ವಿದ್ಯಾರ್ಥಿನಿಯ ಪುಸ್ತಕದಲ್ಲಿ ನನ್ನ ಕೆಂಪು ಗೆರೆಯನ್ನು ಹೊಡೆದು ಹಾಕಿ 'ಸರಿ' ಎಂದು ಬರೆದಿದ್ದೆ. ತರಗತಿಗೆ ಹೇಳಿದೆ: "ಹೋದ ಸಲ ಇವಳು ಎರಡು ಸುತ್ತಿಗೆ ಇದೆ ಅಂದಳು. ನಾನು ಇಲ್ಲ ಅಂದೆ. ನಾನು ಚಿತ್ರ ಸರಿಯಾಗಿ ನೋಡಿರಲಿಲ್ಲ. ಅವಳು ನೋಡಿದ್ದಳು." ಹೇಳುವ ಮೊದಲು ತುಂಬ ಅಳುಕಿತ್ತು. ಮಕ್ಕಳು ನಗಲಿಲ್ಲ. ಹಳೆಯ ಹಾಳೆಯನ್ನು ಮತ್ತೆ ಕೇಳಿ ಇಸಿದುಕೊಂಡು ನೋಡಿದರು.

ಕರಿಹಲಗೆಯ ಮೇಲೆ ಬೆಸ ಗೆರೆ, ಸಮ ಗೆರೆಗಳನ್ನು ಎರಡು ಬಣ್ಣದ ಸೀಮೆಸುಣ್ಣದಲ್ಲಿ ಬರೆದು ಇಂಟರ್‌ಲೇಸ್ ವಿವರಿಸಿದೆ. ಆಗ ಅವಳೇ ಕೇಳಿದಳು: "ಹಾಗಾದ್ರೆ ಎರಡು ಸುತ್ತಿಗೆನೂ ನಿಜಾನಾ ಮಿಸ್?" ಹೌದು, ಎರಡೂ ನಿಜ, ಒಂದು ಇನ್ನೊಂದಕ್ಕಿಂತ 1/60 ಸೆಕೆಂಡ್ ನಂತರದ್ದು ಎಂದೆ. ಅದಕ್ಕೆ ಹಿಂದಿನ ಬೆಂಚಿನ ಹುಡುಗ, "ಅಂತರ ಗೊತ್ತು, ಟೈಮ್ ಗೊತ್ತು, ವೇಗ ಕಂಡುಹಿಡೀಬಹುದಲ್ಲ ಮಿಸ್" ಎಂದ. ಇದು ನನ್ನ ಪಾಠ ಯೋಜನೆಯಲ್ಲಿ ಇರಲಿಲ್ಲ.

ಅಲ್ಲೇ ಲೆಕ್ಕ ಮಾಡಿದೆವು. ಹಳೆಯ ಹಾಳೆಯ ಚಿತ್ರದಲ್ಲಿ ಬಿಟ್ಟ ಜಾಗದಿಂದ ನೆಲದವರೆಗೆ 49 ಮಿ.ಮೀ. ಅದು ನಿಜದಲ್ಲಿ 1.6 ಮೀಟರ್. ಹಾಗಾದರೆ ಹಾಳೆಯ 1 ಮಿ.ಮೀ. ಎಂದರೆ ನಿಜದಲ್ಲಿ ಸುಮಾರು 3.3 ಸೆಂ.ಮೀ. ಅಷ್ಟು ದೂರವನ್ನು 1/60 ಸೆಕೆಂಡಿನಲ್ಲಿ ಕ್ರಮಿಸಿದರೆ ವೇಗ ಸೆಕೆಂಡಿಗೆ ಸುಮಾರು 2 ಮೀಟರ್. ಚಂದ್ರನ ಗುರುತ್ವ ವೇಗೋತ್ಕರ್ಷ 1.62 ಮೀ/ಸೆ² ಎಂದಿಟ್ಟುಕೊಂಡು ಪುಸ್ತಕದ ಸೂತ್ರದಿಂದ ಲೆಕ್ಕ ಹಾಕಿದರೆ ನೆಲ ಮುಟ್ಟುವ ಹೊತ್ತಿನ ವೇಗ ಸೆಕೆಂಡಿಗೆ ಸುಮಾರು 2.3 ಮೀಟರ್ ಬರುತ್ತದೆ. ಅವಳ ಚಿತ್ರ ನೆಲ ಮುಟ್ಟುವುದಕ್ಕೆ ಸ್ವಲ್ಪ ಮೊದಲಿನದು. ನಾನು ತಪ್ಪು ಎಂದು ಹೊಡೆದುಹಾಕಿದ 1 ಮಿ.ಮೀ. ಒಳಗೆ ಸುತ್ತಿಗೆಯ ವೇಗ ಇತ್ತು.

ಆಮೇಲೆ ಹೊಸ ಹಾಳೆಗಳು. ಈ ಸಲ ಒಟ್ಟು ಪತನ 98 ಮಿ.ಮೀ.ಗೆ ಬರುವಂತೆ ಮುದ್ರಿಸಿದ್ದೆ. ಸೊನ್ನೆಯಿಂದ ಏಳರವರೆಗೆ ಎಂಟು ಚಿತ್ರ, ತಲಾ 0.2 ಸೆಕೆಂಡ್ ಅಂತರ, ಒಟ್ಟು 1.4 ಸೆಕೆಂಡ್. ಬಿದ್ದ ದೂರ ಕಾಲದ ವರ್ಗಕ್ಕೆ ಅನುಪಾತದಲ್ಲಿದ್ದರೆ ಆರನೇ ಚಿತ್ರದ ದೂರ ಮೂರನೇ ಚಿತ್ರದ ದೂರದ ನಾಲ್ಕು ಪಟ್ಟು ಇರಬೇಕು: 18 ಮತ್ತು 72 ಮಿ.ಮೀ. ಈ ಉತ್ತರವನ್ನು ಮಕ್ಕಳಿಗೆ ಮೊದಲೇ ಹೇಳಲಿಲ್ಲ. ಗುಂಪುಗಳು ಮೂರನೇ ಚಿತ್ರಕ್ಕೆ 17ರಿಂದ 20, ಆರನೆಯದಕ್ಕೆ 70ರಿಂದ 74 ಮಿ.ಮೀ. ಅಳೆದವು. ಭಾಗಿಸಿದಾಗ 3.6ರಿಂದ 4.3ರವರೆಗೆ ಬಂತು. "ಎಲ್ಲರದ್ದೂ ನಾಲ್ಕರ ಹತ್ತಿರ ಸುತ್ತುತ್ತಿದೆ" ಎಂದು ಒಂದು ಗುಂಪು ತಾನೇ ಹೇಳಿತು.

ಸರಿಯಾಗಿ ನಾಲ್ಕು ಏಕೆ ಬರಲಿಲ್ಲ ಎಂಬ ಪ್ರಶ್ನೆಗೆ ಈ ಸಲ ನನ್ನ ಬಳಿ ಉತ್ತರವಿತ್ತು. ಸುತ್ತಿಗೆ ಕೈ ಬಿಟ್ಟದ್ದು ಯಾವ ಫ್ರೇಮಿನಲ್ಲಿ ಎಂಬುದರಲ್ಲಿ ಒಂದು ಫ್ರೇಮ್ ಹೆಚ್ಚುಕಡಿಮೆ ಇರುತ್ತದೆ. ಮೂರನೇ ಚಿತ್ರದ ಹೊತ್ತಿಗೆ ಅಷ್ಟರಿಂದಲೇ ಹಾಳೆಯ ಮೇಲೆ ಸುಮಾರು 2 ಮಿ.ಮೀ. ವ್ಯತ್ಯಾಸವಾಗುತ್ತದೆ. ಭೂಮಿಯ ಮೇಲೆ ಅಷ್ಟೇ ಎತ್ತರದಿಂದ ಬಿಟ್ಟಿದ್ದರೆ 0.57 ಸೆಕೆಂಡಿನಲ್ಲಿ ನೆಲ ಮುಟ್ಟುತ್ತಿತ್ತು ಎಂದು ಲೆಕ್ಕ ಮಾಡಿ, ಮೇಜಿನ ಮೇಲಿಂದ ಡಸ್ಟರ್ ಬೀಳಿಸಿ ಹೋಲಿಸಿದರು. ಗರಿ ಮಾತ್ರ ಚಿತ್ರದಲ್ಲಿ ಕೆಲವೇ ಚುಕ್ಕೆಗಳಷ್ಟು ಇದ್ದುದರಿಂದ ಅದನ್ನು ಅಳೆಯಲು ಹೋಗಲಿಲ್ಲ. ಕೊನೆಯಲ್ಲಿ ವಿಡಿಯೊ ಓಡಿಸಿ, ಎರಡೂ ಒಟ್ಟಿಗೆ ಬೀಳುವುದನ್ನು ನೋಡಿದೆವು.

ಪ್ರೊಜೆಕ್ಟರಿನಲ್ಲಿ ಬಣ್ಣದ ಚಿತ್ರ ತೋರಿಸುವಾಗ ಇನ್ನೊಂದು ಪ್ರಶ್ನೆ ಬಂತು: ಬೀಳುವ ಸುತ್ತಿಗೆಯ ಅಂಚಿನಲ್ಲಿ ಬಣ್ಣಗಳು ಬಿಟ್ಟುಕೊಂಡಂತೆ ಏಕೆ ಕಾಣುತ್ತವೆ? "ಗೊತ್ತಿಲ್ಲ, ನೋಡಿ ಹೇಳ್ತೀನಿ" ಎಂದೆ. ಆ ಕ್ಯಾಮೆರಾದಲ್ಲಿ ಕೆಂಪು, ಹಸಿರು, ನೀಲಿ ಗಾಜುಗಳ ತಿರುಗುವ ಚಕ್ರವಿತ್ತು. ಪ್ರತಿ ಕಂತನ್ನೂ ಒಂದೊಂದೇ ಬಣ್ಣದಲ್ಲಿ ಸೆರೆಹಿಡಿದು, ಭೂಮಿಯ ಮೇಲೆ ಮೂರನ್ನು ಸೇರಿಸಿ ಬಣ್ಣದ ಚಿತ್ರ ಮಾಡುತ್ತಿದ್ದರು. ಮೂರು ಬಣ್ಣಗಳು ಮೂರು ಬೇರೆ ಕ್ಷಣಗಳವು. ಚಲಿಸುವ ವಸ್ತುವಿನಲ್ಲಿ ಅವು ಒಂದರ ಮೇಲೊಂದು ಸರಿಯಾಗಿ ಕೂರುವುದಿಲ್ಲ. ಇದು ಕ್ಯಾಮೆರಾದ ಮಿತಿ. ಯಾವ ತಂತ್ರಾಂಶದಿಂದಲೂ ಇದನ್ನು ಅಳಿಸಬೇಕಾಗಿಲ್ಲ, ಅರ್ಥಮಾಡಿಕೊಂಡರೆ ಸಾಕು. ಮರುದಿನ ಪ್ರಾರ್ಥನೆಯ ನಂತರ ಆ ಹುಡುಗನನ್ನು ಕರೆದು ಹೇಳಿದೆ.

ಇತರ ವಿಷಯಗಳವರಿಗೆ

ನನ್ನ ಸಹಪಾಠಿಯೊಬ್ಬರು 1913ರ 'ರಾಜಾ ಹರಿಶ್ಚಂದ್ರ' ಚಿತ್ರದಿಂದ ಒಂದು ಸ್ಥಿರಚಿತ್ರ ಬೇಕೆಂದರು. ಅಲ್ಲಿ ಅಳತೆ ಮುಖ್ಯವಲ್ಲ, ಸ್ಪಷ್ಟತೆ ಮುಖ್ಯ. ಅಂಥ ಕೆಲಸಕ್ಕೆ ಮೂರು ಮಾತು ಸಾಕು.

ಒಂದೇ ಚಿತ್ರ ತೆಗೆದು ತೃಪ್ತರಾಗಬಾರದು. ಬೇಕಾದ ದೃಶ್ಯದ ಹಿಂದೆ ಮುಂದೆ ಹತ್ತು ಹದಿನೈದು ಫ್ರೇಮ್ ತೆಗೆದು ಅದರಲ್ಲಿ ಒಳ್ಳೆಯದನ್ನು ಆರಿಸಬೇಕು. ಸಿನಿಮಾದ 24 ಚಿತ್ರಗಳನ್ನು ಅಮೆರಿಕದ ದೂರದರ್ಶನ ಪದ್ಧತಿಗೆ ಹೊಂದಿಸಿದ ಡಿವಿಡಿಗಳಲ್ಲಿ ಪ್ರತಿ ಐದು ಫ್ರೇಮಿನಲ್ಲಿ ಎರಡು ಬೆರಕೆಯಾಗಿರಬಹುದು. ಒಂದು ಕೆಟ್ಟಿದ್ದರೆ ಒಂದೆರಡು ಫ್ರೇಮ್ ಮುಂದೆ ಹೋದರೆ ಶುದ್ಧವಾದದ್ದು ಸಿಗುತ್ತದೆ.

ಮೂಕಿಚಿತ್ರದ ಬರಹದ ಫಲಕದಂತೆ ಅಲುಗದೆ ನಿಂತಿರುವ ದೃಶ್ಯವಾದರೆ, ಹಲವು ಫ್ರೇಮ್‌ಗಳನ್ನು ಒಂದರ ಮೇಲೊಂದು ಸರಿಹೊಂದಿಸಿ ಸರಾಸರಿ ತೆಗೆಯಬಹುದು. ಫಿಲ್ಮಿನ ಕಾಳುಗಳು ಪ್ರತಿ ಫ್ರೇಮಿನಲ್ಲೂ ಬೇರೆ ಬೇರೆ ಜಾಗದಲ್ಲಿರುತ್ತವೆ, ಅಕ್ಷರ ಅಲ್ಲೇ ಇರುತ್ತದೆ. ಹದಿನಾರು ಫ್ರೇಮ್‌ಗಳ ಸರಾಸರಿಯಲ್ಲಿ ಕಾಳು ಕಾಲುಭಾಗಕ್ಕೆ ಇಳಿಯುತ್ತದೆ. ಪ್ರಯೋಗಾಲಯದಲ್ಲಿ ಒಂದೇ ಅಳತೆಯನ್ನು ಹಲವು ಸಲ ತೆಗೆದು ಸರಾಸರಿ ಮಾಡುವುದೂ ಇದೇ ತತ್ವ.

ಹಕ್ಕುಸ್ವಾಮ್ಯದ ವಿಷಯ. 1957ರ ಕೃತಿಸ್ವಾಮ್ಯ ಅಧಿನಿಯಮದ 52ನೇ ಕಲಮಿನಲ್ಲಿ ಬೋಧನೆಯ ಸಂದರ್ಭದಲ್ಲಿ ಶಿಕ್ಷಕರು ಮತ್ತು ವಿದ್ಯಾರ್ಥಿಗಳು ಮಾಡಿಕೊಳ್ಳುವ ಪ್ರತಿಗೆ ವಿನಾಯಿತಿ ಇದೆ. ಅದು ತರಗತಿಯ ಬಳಕೆಗೆ. ಅದೇ ಚಿತ್ರವನ್ನು ಪುಸ್ತಕದಲ್ಲಿ ಅಚ್ಚು ಹಾಕಿ ಮಾರುವುದು ಬೇರೆ ವಿಷಯ. ಚಿತ್ರ ಎಲ್ಲಿಂದ ಬಂತು ಎಂದು ಹಾಳೆಯ ಕೆಳಗೆ ಒಂದು ಸಾಲು ಬರೆಯುವುದು ಎರಡೂ ಸಂದರ್ಭಕ್ಕೆ ಒಳ್ಳೆಯದು.

ಪ್ರತಿಫಲನ

ಎರಡನೇ ಪಾಠದ ಸಿದ್ಧತೆಗೆ ಒಂದು ವಾರ ಹಿಡಿಯಿತು. ಕ್ರಮ ತಿಳಿದ ಮೇಲೆ ಈಗ ಅದೇ ಕೆಲಸಕ್ಕೆ ಅರ್ಧ ಗಂಟೆ ಸಾಕು. ಹಾಗಾಗಿ ಸಮಯ ಇಲ್ಲ ಎಂಬುದು ಇನ್ನು ಮುಂದೆ ನನಗೆ ನೆಪವಾಗದು.

ಮೊದಲು ಚಿತ್ರದ ಗುಣಮಟ್ಟ ಎಂದರೆ ಅಂದ ಎಂದುಕೊಂಡಿದ್ದೆ. ಮಕ್ಕಳಿಗೆ ಅಳೆಯಲು ಕೊಟ್ಟ ಕೂಡಲೇ ಆ ಚಿತ್ರ ಸಾಕ್ಷಿಯಾಗುತ್ತದೆ. ಸಾಕ್ಷಿಯನ್ನು ಮೊದಲು ಶಿಕ್ಷಕರೇ ವಿಚಾರಿಸಿ ನೋಡಿರಬೇಕು. ಅದನ್ನು ಮಾಡದೆ ತರಗತಿಗೆ ಹೋದರೆ, ಕಂಡದ್ದನ್ನು ಕಂಡಂತೆ ಬರೆದ ಮಗುವಿಗೆ ತಪ್ಪು ಹಾಕಿ, ಪುಸ್ತಕ ನೋಡಿ ಬರೆದ ಮಗುವಿಗೆ ಸರಿ ಹಾಕುತ್ತೇವೆ. ಮೊದಲ ಪಾಠದಲ್ಲಿ ನಾಲ್ಕು ಗುಂಪುಗಳು ಪೂರ್ತಿ ಅಂಕ ಪಡೆದಿದ್ದವು. ಆ ಮಸುಕು ಚಿತ್ರದಿಂದ ಅಷ್ಟು ಚೆನ್ನಾದ ಅಳತೆ ಬರಲು ಸಾಧ್ಯವೇ ಇರಲಿಲ್ಲ. ಅವರು ನನಗೆ ಬೇಕಾದ ಉತ್ತರ ಬರೆದಿದ್ದರು. ಅದೂ ನನಗೆ ಆಗ ಹೊಳೆಯಲಿಲ್ಲ.

ಈಗ ನನ್ನ ಪಾಠ ಯೋಜನೆಯಲ್ಲಿ ಬೋಧನೋಪಕರಣಗಳ ಅಂಕಣದ ಪಕ್ಕದಲ್ಲಿ ಒಂದು ಸಣ್ಣ ಸಾಲು ಸೇರಿಸಿಕೊಂಡಿದ್ದೇನೆ: 'ನಾನೇ ಅಳೆದು ನೋಡಿದ್ದೇನೆ'. ಅಳೆದ ಮೇಲೆ ಮಾತ್ರ ಅದಕ್ಕೆ ಗುರುತು ಹಾಕುತ್ತೇನೆ. ಸಹ ಪ್ರಶಿಕ್ಷಣಾರ್ಥಿಗಳು ಮುಂದಿನ ಸಲ ವಿಡಿಯೊದಿಂದ ಚಿತ್ರ ತೆಗೆದಾಗ, ಜೆರಾಕ್ಸ್ ಅಂಗಡಿಗೆ ಹೋಗುವ ಮೊದಲು ಅದನ್ನು ಪರದೆಯ ತುಂಬ ಹಿಗ್ಗಿಸಿ ಎರಡು ನಿಮಿಷ ನೋಡಿ ಎಂದು ಕೇಳಿಕೊಳ್ಳುತ್ತೇನೆ. ಅಲ್ಲಿ ಎರಡು ಸುತ್ತಿಗೆ ಕಂಡರೆ ಒಂದನ್ನು ಅಳಿಸಲು ಹೋಗಬೇಡಿ. ಎರಡು ಯಾಕೆ ಇವೆ ಎಂದು ಕೇಳಿನೋಡಿ.